ಬೋರ್ಡಿನ ಮೇಲೆ ಬಂದ ಲೆಕ್ಕ ಹೊಲದಲ್ಲಿ ಯಾಕೆ ಬರಲ್ಲ?

ಪ್ಯಾನೆಲ್_ಬೋರ್ಡ್ (ದಾವಣಗೆರೆ)

ಎಲೆಕ್ಟ್ರಿಷಿಯನ್ ಟ್ರೇಡಿನ ಹುಡುಗರು ವರ್ಕ್‌ಶಾಪಿನ ಡಿಒಎಲ್ ಸ್ಟಾರ್ಟರನ್ನ (ಮೋಟಾರನ್ನ ನೇರವಾಗಿ ಲೈನಿಗೆ ಜೋಡಿಸಿ ಶುರುಮಾಡೋ ಡಬ್ಬಿ) ಕಣ್ಣು ಮುಚ್ಚಿ ವೈರ್ ಮಾಡ್ತಾರೆ. ಸ್ಟಾಪ್ ಬಟನ್, ಸ್ಟಾರ್ಟ್ ಬಟನ್, ಅದಕ್ಕೆ ಪ್ಯಾರಲಲ್ ಆಗಿ 13-14 ಹೋಲ್ಡಿಂಗ್ ಕಾಂಟ್ಯಾಕ್ಟ್ (ಬಟನ್ ಬಿಟ್ಟ ಮೇಲೂ ಕರೆಂಟಿನ ದಾರಿ ಹಿಡಿದಿಡೋದು), ಓವರ್‌ಲೋಡ್ ರಿಲೇಯ 95-96, ಕೊನೆಗೆ ಕಾಯಿಲ್ ಎ1-ಎ2. ಎಲ್ಲಾ ಬಾಯಿಪಾಠ. ಅದೇ ಹುಡುಗರ ಮುಂದೆ ಸ್ಟಾರ್-ಡೆಲ್ಟಾ ಪ್ಯಾನೆಲ್ (ಮೋಟಾರನ್ನ ಎರಡು ಹಂತದಲ್ಲಿ ಶುರುಮಾಡೋದು) ಇಟ್ಟು, "ಬಟನ್ ಒತ್ತಿ ಹಿಡಿದರೆ ಓಡುತ್ತೆ, ಬಿಟ್ಟರೆ ನಿಲ್ಲುತ್ತೆ, ತೊಂದರೆ ಎಲ್ಲಿದೆ?" ಅಂದರೆ ಮುಖ ಮುಖ ನೋಡ್ತಾರೆ. ಎರಡು ಪ್ಯಾನೆಲ್‌ಗೂ ಉತ್ತರ ಒಂದೇ: ಹೋಲ್ಡಿಂಗ್ ಕಾಂಟ್ಯಾಕ್ಟ್ ಹಿಡೀತಿಲ್ಲ.

ಲೆಕ್ಕದಲ್ಲೂ ಇದೇ ಕಥೆ. ಪುಸ್ತಕದ ಅನುಪಾತದ ಲೆಕ್ಕಕ್ಕೆ ಪೂರ್ತಿ ಅಂಕ. "ಲೀಟರಿಗೆ 2 ಮಿ.ಲೀ. ಔಷಧ, ಕ್ಯಾನು 16 ಲೀಟರಿನದು, ಎಕರೆಗೆ 200 ಲೀಟರ್ ನೀರು, ಒಟ್ಟು ಔಷಧ ಎಷ್ಟು, ಕ್ಯಾನು ಎಷ್ಟು?" ಅಂದರೆ ಪೆನ್ನು ನಿಲ್ಲುತ್ತೆ. (ಕ್ಯಾನಿಗೆ 32 ಮಿ.ಲೀ., ಹನ್ನೆರಡೂವರೆ ಕ್ಯಾನು, ಒಟ್ಟು 400 ಮಿ.ಲೀ. ಕೊನೆಯ ಅರ್ಧ ಕ್ಯಾನಿಗೆ 16 ಹಾಕಬೇಕು. ಗೊತ್ತಿದ್ದವರೂ ಅಲ್ಲಿ 32 ಸುರೀತಾರೆ.)

ಇನ್ನಷ್ಟು ಪ್ರಾಕ್ಟೀಸ್ ಕೊಡಬೇಕಾ, ಥಿಯರಿ ಜಾಸ್ತಿ ಮಾಡಬೇಕಾ? ತಿಳಿದವರು ಹೇಳಿ. "ಆಸಕ್ತಿ ಇಲ್ಲ ಬಿಡಿ" ಅನ್ನೋ ಉತ್ತರ ಬೇಡ.

ಕೋಟೆಕಲ್ಲು (ಚಿತ್ರದುರ್ಗ)

ಬಿ.ಎಡ್. ಪುಸ್ತಕದಲ್ಲಿ "ಕಲಿಕೆಯ ವರ್ಗಾವಣೆ" (ಒಂದು ಕಡೆ ಕಲಿತದ್ದು ಇನ್ನೊಂದು ಕಡೆ ಉಪಯೋಗಕ್ಕೆ ಬರೋದು) ಅಂತ ಒಂದು ಪಾಠ ಇರುತ್ತೆ. ಪರೀಕ್ಷೆಗೆ ಐದು ಅಂಕಕ್ಕೆ ಬರೆದು ಎಲ್ಲರೂ ಮರೆಯೋ ಪಾಠ. ನಿಮ್ಮ ಪ್ರಶ್ನೆಗೆ ಉತ್ತರ ಅಲ್ಲಿಂದಲೇ ಶುರುವಾಗುತ್ತೆ.

1901ರಲ್ಲಿ ಮನಃಶಾಸ್ತ್ರಜ್ಞರಾದ ಥಾರ್ನ್‌ಡೈಕ್ ಮತ್ತು ವುಡ್‌ವರ್ತ್ ತೋರಿಸಿದ್ದು: ಒಂದು ಆಕಾರದ ವಿಸ್ತೀರ್ಣ ಅಂದಾಜು ಮಾಡೋದನ್ನ ಪಳಗಿಸಿದರೆ ಇನ್ನೊಂದು ಆಕಾರಕ್ಕೆ ಆ ಪಳಗು ಅಷ್ಟಾಗಿ ದಾಟಲ್ಲ. ಎರಡು ಕೆಲಸದಲ್ಲಿ ಸಮಾನ ಅಂಶ ಎಷ್ಟಿದೆಯೋ ಅಷ್ಟೇ ವರ್ಗಾವಣೆ. "ಮೆದುಳು ಒಂದು ಗರಡಿಮನೆ, ಏನು ಎತ್ತಿಸಿದರೂ ಗಟ್ಟಿಯಾಗುತ್ತೆ" ಅನ್ನೋ ನಂಬಿಕೆಗೆ ಬಿದ್ದ ಮೊದಲ ದೊಡ್ಡ ಪೆಟ್ಟು ಅದು.

1908ರಲ್ಲಿ ಜಡ್ ಇದನ್ನ ಇನ್ನೊಂದು ಕಡೆಯಿಂದ ನೋಡಿದ. ನೀರೊಳಗಿನ ಗುರಿಗೆ ಮಕ್ಕಳಿಂದ ಬಾಣ ಎಸೆಸಿದ. ಒಂದು ಗುಂಪಿಗೆ ಬೆಳಕಿನ ವಕ್ರೀಭವನ (ನೀರಿನಲ್ಲಿ ಬೆಳಕು ಬಾಗೋದು) ವಿವರಿಸಿದ, ಇನ್ನೊಂದಕ್ಕೆ ಇಲ್ಲ. ಗುರಿ 12 ಅಂಗುಲ ಆಳದಲ್ಲಿದ್ದಾಗ ಎರಡೂ ಗುಂಪು ಹೆಚ್ಚುಕಡಿಮೆ ಸಮ. ಗುರಿಯನ್ನ 4 ಅಂಗುಲಕ್ಕೆ ಏರಿಸಿದಾಗ ವಿವರಣೆ ಕೇಳಿದ ಗುಂಪು ಬೇಗ ಸರಿಹೋಯಿತು, ಉಳಿದವರು ತಡಕಾಡಿದರು. ಕಾರಣ ಸರಳ. ಒಂದೇ ಓರೆಯಿಂದ ನೋಡಿದರೆ, ಕಣ್ಣು ತಪ್ಪೋ ದೂರ ನೀರಿನ ಆಳಕ್ಕೆ ತಕ್ಕಂತೆ ಬದಲಾಗುತ್ತೆ. ಆಳ ಮೂರನೇ ಒಂದು ಭಾಗಕ್ಕೆ ಇಳಿದರೆ ತಪ್ಪೂ ಅಷ್ಟಕ್ಕೇ ಇಳಿಯುತ್ತೆ. "ಇಷ್ಟು ಕೆಳಕ್ಕೆ ಹೊಡಿ" ಅಂತ ಕೈಗೆ ಕಲಿಸಿದ್ದು 12 ಅಂಗುಲಕ್ಕೆ ಮಾತ್ರ ಸರಿ. ಯಾಕೆ ಕೆಳಕ್ಕೆ ಹೊಡೀಬೇಕು ಅಂತ ಗೊತ್ತಿದ್ದವನು ಹೊಸ ಆಳಕ್ಕೆ ಲೆಕ್ಕ ತಿದ್ದಿಕೊಳ್ತಾನೆ. ಒಂದು ಮಾತು ಗಮನಿಸಿ: ವಿವರಣೆ ಕೇಳಿದವರೂ ಎಸೆದು ಎಸೆದೇ ಕಲಿತರು. ಬರೀ ಥಿಯರಿ ಸಾಕಾಗಲಿಲ್ಲ.

ಇನ್ನು ನಿಮ್ಮ ಹುಡುಗರು ಕೈಕಟ್ಟಿ ನಿಲ್ಲೋದು. 1980ರಲ್ಲಿ ಗಿಕ್ ಮತ್ತು ಹೋಲಿಯೋಕ್ ಒಂದು ಕೋಟೆಯ ಕಥೆ ಹೇಳಿದರು. ಕೋಟೆಗೆ ಹೋಗೋ ಎಲ್ಲಾ ದಾರಿಯಲ್ಲೂ ಸಿಡಿಮದ್ದು ಹೂತಿದೆ. ದಂಡು ಒಟ್ಟಿಗೆ ಹೋದರೆ ಸಿಡಿಯುತ್ತೆ, ನಾಲ್ಕು ಜನ ಹೋದರೆ ಇಲ್ಲ. ಸೇನಾಪತಿ ದಂಡನ್ನ ಸಣ್ಣ ತುಕಡಿ ಮಾಡಿ ಬೇರೆ ಬೇರೆ ದಾರಿಯಿಂದ ಕಳಿಸಿ ಒಂದೇ ಹೊತ್ತಿಗೆ ಕೋಟೆ ಸೇರಿಸ್ತಾನೆ. ಆಮೇಲೆ ಡುಂಕರ್ ಹಿಂದೆ ಬರೆದಿದ್ದ ಸಮಸ್ಯೆ ಕೊಟ್ಟರು: ಹೊಟ್ಟೆಯೊಳಗೆ ಗೆಡ್ಡೆ, ಕಿರಣ ಜೋರಾಗಿ ಬಿಟ್ಟರೆ ಸುತ್ತಲಿನ ಮಾಂಸ ಸುಡುತ್ತೆ, ಮೆಲ್ಲಗೆ ಬಿಟ್ಟರೆ ಗೆಡ್ಡೆ ಸಾಯಲ್ಲ. (ಉತ್ತರ ಕೋಟೆಯದ್ದೇ: ಮೆಲ್ಲನೆಯ ಕಿರಣಗಳನ್ನ ಬೇರೆ ಬೇರೆ ಕಡೆಯಿಂದ ಬಿಟ್ಟು ಗೆಡ್ಡೆಯಲ್ಲಿ ಸೇರಿಸೋದು.) ಕಥೆ ಕೇಳದವರಲ್ಲಿ ಬಿಡಿಸಿದವರು ನೂರಕ್ಕೆ ಸುಮಾರು 10. ಕಥೆ ಕೇಳಿದವರಲ್ಲಿ ಸುಮಾರು 30. "ಆ ಕಥೆ ಉಪಯೋಗಕ್ಕೆ ಬರಬಹುದು ನೋಡಿ" ಅಂತ ಒಂದು ಸುಳಿವು ಕೊಟ್ಟಾಗ ಸುಮಾರು 75.

(ಕೋಟೆ ಊರಲ್ಲಿ ಕೂತು ಈ ಕಥೆ ಹೇಳುವಾಗ ಓಬವ್ವನ ಕಿಂಡಿ ನೆನಪಾಗದೆ ಇರಲ್ಲ. ಅದು ಇದರ ತಲೆಕೆಳಗು. ಹೈದರನ ದಂಡು ಎಷ್ಟೇ ದೊಡ್ಡದಿರಲಿ, ಕಿಂಡಿಯಲ್ಲಿ ತೂರೋದು ಒಬ್ಬೊಬ್ಬನೇ. ಒನಕೆಗೆ ಅಷ್ಟು ಸಾಕು.)

ಅಡಕೆಗೊನೆ (ಚನ್ನಗಿರಿ)

ಒಂದ್ನಿಮಿಷ. ಕಥೆ ಆಗಷ್ಟೇ ಕೇಳಿದ್ದಾರೆ, ಉತ್ತರ ಕೈಯಲ್ಲೇ ಇದೆ, ಆದರೂ ನೂರರಲ್ಲಿ 70 ಜನಕ್ಕೆ ಹೊಳೀಲಿಲ್ಲ ಅಂತೀರಾ?

ಕೋಟೆಕಲ್ಲು (ಚಿತ್ರದುರ್ಗ)

ಹೌದು. ಜ್ಞಾನ ಇದೆ, ಕರೆದಾಗ ಬರಲ್ಲ. ಕಣಜದಲ್ಲಿ ಕಾಳಿದೆ, ಯಾವ ಚೀಲದಲ್ಲಿ ಅಂತ ಗೊತ್ತಿಲ್ಲ. "ಕೋಟೆ, ದಂಡು" ಅಂತ ಚೀಟಿ ಅಂಟಿಸಿದ ಚೀಲವನ್ನ "ಗೆಡ್ಡೆ, ಡಾಕ್ಟರು" ಅಂತ ಕೇಳಿದಾಗ ಯಾರು ಬಿಚ್ಚುತ್ತಾರೆ?

1981ರಲ್ಲಿ ಚೀ, ಫೆಲ್ಟೊವಿಚ್, ಗ್ಲೇಸರ್ ಮಾಡಿದ್ದು ಇದಕ್ಕೆ ತಕ್ಕ ಸಾಕ್ಷಿ. ಭೌತಶಾಸ್ತ್ರದ ಲೆಕ್ಕಗಳನ್ನ ಗುಂಪು ಮಾಡಿ ಅಂದಾಗ ಹೊಸಬರು "ಇವೆಲ್ಲ ಇಳಿಜಾರಿನವು, ಇವೆಲ್ಲ ಸ್ಪ್ರಿಂಗಿನವು" ಅಂದರು. ಪಳಗಿದವರು "ಇವು ಶಕ್ತಿ ಸಂರಕ್ಷಣೆ, ಇವು ನ್ಯೂಟನ್ನನ ಎರಡನೇ ನಿಯಮ" ಅಂದರು. ನಿಮ್ಮ ಹುಡುಗರ ತಲೆಯಲ್ಲಿ ಆ ಪಾಠದ ಹೆಸರು "ವರ್ಕ್‌ಶಾಪಿನ ಹಸಿರು ಡಬ್ಬಿ" ಅಂತಿದೆ. "ಬಟನ್ ಬಿಟ್ಟ ಮೇಲೂ ದಾರಿ ಕಾಯೋ ಕಾಂಟ್ಯಾಕ್ಟ್" ಅಂತಿಲ್ಲ.

ಲೆಕ್ಕದ_ಪಟ್ಟಿ (ದಾವಣಗೆರೆ)

ಮೇಲ್ಮೈ ಬೇರೆ, ಹಂದರ (ಲೆಕ್ಕದ ಒಳಗಿನ ರಚನೆ) ಬೇರೆ ಅನ್ನೋದಕ್ಕೆ ನಮ್ಮ ಕಡೆ ಲೆಕ್ಕವೇ ಸಾಕು.

ಮೆಕ್ಕೆಜೋಳ, ಸಾಲಿನಿಂದ ಸಾಲಿಗೆ 60 ಸೆಂ.ಮೀ., ಗಿಡದಿಂದ ಗಿಡಕ್ಕೆ 20. ಒಂದು ಗಿಡಕ್ಕೆ 0.12 ಚದರ ಮೀಟರ್, ಹೆಕ್ಟೇರಿಗೆ 83,333 ಗಿಡ. ಇನ್ನೊಂದು: 10 ಅಡಿ × 12 ಅಡಿ ಕೋಣೆಗೆ 2 × 2 ಅಡಿಯ ಟೈಲ್ಸ್ ಎಷ್ಟು? 30. ಒಂದು ಹೊಲದ್ದು, ಒಂದು ಮನೆಯದ್ದು, ಹಂದರ ಒಂದೇ. ಒಟ್ಟು ಜಾಗವನ್ನ ಒಂದರ ಜಾಗದಿಂದ ಭಾಗಿಸು, ಅಷ್ಟೆ.

ಈಗ ಮೂರನೆಯದು: 100 ಮೀಟರ್ ಬೇಲಿಗೆ 5 ಮೀಟರಿಗೊಂದು ಕಂಬ. ಇದೂ ಹೊಲದ ಲೆಕ್ಕ, ಇದರಲ್ಲೂ "ಅಂತರ" ಅನ್ನೋ ಮಾತಿದೆ. ಮಕ್ಕಳು 20 ಅಂತಾರೆ. ಉತ್ತರ 21. ಎರಡು ತುದಿಗೂ ಗೋಡೆ ಇದ್ದರೆ 19. 40 × 60 ಮೀಟರಿನ ಹೊಲದ ಸುತ್ತ ಹಾಕಿದರೆ ಸುತ್ತಳತೆ 200, ಕಂಬ 40, ಒಂದೂ ಹೆಚ್ಚಿಲ್ಲ, ಯಾಕಂದರೆ ಕೊನೆಯ ಕಂಬವೇ ಮೊದಲನೆಯದು.

ಗಾರೆಯದೂ ಹೀಗೇ. "ಲೀಟರಿಗೆ 2 ಮಿ.ಲೀ." ಕಲಿತವನು "1:6 ಗಾರೆ, ಒಟ್ಟು 35 ಬಾಂಡ್ಲಿ" ಅಂದಾಗ 35ನ್ನ 6ರಿಂದ ಭಾಗಿಸ್ತಾನೆ. ಅಲ್ಲಿ ಭಾಗ ಏಳು: ಸಿಮೆಂಟ್ 5, ಮರಳು 30. ಕಾಣೋಕೆ ಒಂದೇ ಥರ ಇದ್ದು ಹಂದರ ಬೇರೆ ಇರೋ ಇಂಥ ಲೆಕ್ಕ ಪಠ್ಯದಲ್ಲಿ ಅಕ್ಕಪಕ್ಕ ಬರೋದೇ ಇಲ್ಲ. ಪಾಠದ ತಲೆಬರಹವೇ ಯಾವ ಸೂತ್ರ ಹಾಕಬೇಕು ಅಂತ ಹೇಳಿಬಿಟ್ಟಿರುತ್ತೆ. ಮಗು ಕಲಿತದ್ದು ಸೂತ್ರ ಹಾಕೋದು, ಆರಿಸೋದಲ್ಲ.

ಶೇಂಗಾ_ಗಾಣ (ಚಳ್ಳಕೆರೆ)

ದಾಟದೆ ಇರೋದು ಒಂದು ತೊಂದರೆ. ತಪ್ಪಾಗಿ ದಾಟೋದು ಅದಕ್ಕಿಂತ ದುಬಾರಿ.

ತೋಟದ ಸೆಂಟ್ರಿಫ್ಯೂಗಲ್ ಪಂಪು ಓಡಿಸೋನಿಗೆ "ಡೆಲಿವರಿ ವಾಲ್ವ್ ಮುಚ್ಚಿ ಸ್ಟಾರ್ಟ್ ಮಾಡು, ಆಮೇಲೆ ನಿಧಾನ ತೆರಿ" ಅಂತ ಕಲಿಸಿರ್ತಾರೆ. ಸರಿಯೇ. ನೀರು ಹರಿಯದೆ ಇದ್ದಾಗ ಆ ಪಂಪು ಎಳೆಯೋ ಶಕ್ತಿ ಕಮ್ಮಿ, ಮೋಟಾರಿಗೆ ಹಗುರ, ಇಂಪೆಲ್ಲರ್ ಸುಮ್ಮನೆ ನೀರು ಕಡೀತಿರುತ್ತೆ. ಅದೇ ಮನುಷ್ಯ ಎಣ್ಣೆ ಮಿಲ್ಲಿಗೆ ಬಂದು ಗೇರ್ ಪಂಪಿಗೆ ಅದೇ ಶಿಸ್ತು ತೋರಿಸಿದರೆ? ಗೇರ್ ಪಂಪು ಪ್ರತಿ ಸುತ್ತಿಗೂ ಇಷ್ಟು ಎಣ್ಣೆ ಅಂತ ಮುಂದಕ್ಕೆ ತಳ್ಳಿಯೇ ತಳ್ಳುತ್ತೆ. ಹೋಗೋಕೆ ದಾರಿ ಇಲ್ಲ ಅಂದರೆ ಪ್ರೆಶರ್ ಏರ್ತಾ ಏರ್ತಾ ರಿಲೀಫ್ ವಾಲ್ವ್ ಬಿಚ್ಚಬೇಕು. ಅದು ಜಾಮ್ ಆಗಿದ್ದರೆ ಸೀಲು, ಪೈಪು, ಶಾಫ್ಟು, ಯಾವುದು ಸೋಲುತ್ತೋ ಅದು ಹೋಯ್ತು. ಪಿಸ್ಟನ್ ಪಂಪಿನ ಪವರ್ ಸ್ಪ್ರೇಯರಿಗೂ ಇದೇ ಮಾತು.

"ಪಂಪು" ಅನ್ನೋ ಹೆಸರು ಒಂದೇ, ಒಳಗಿನ ಕೆಲಸ ಬೇರೆ. ನಿಯಮದ ಜೊತೆ ಅದರ ಕಾರಣ ಕಲಿಸಿದ್ದರೆ "ಇಲ್ಲಿ ಆ ಕಾರಣ ಇದೆಯಾ?" ಅಂತ ಕೇಳಿಕೊಳ್ಳೋಕೆ ಆಗ್ತಿತ್ತು.

ಪ್ಯಾನೆಲ್_ಬೋರ್ಡ್ (ದಾವಣಗೆರೆ)

ಕರೆಂಟನ್ನ ನೀರಿಗೆ ಹೋಲಿಸಿ ಹೇಳಿದಾಗಲೂ ಹೀಗಾಗುತ್ತೆ. ನಲ್ಲಿ "ತೆರೆದರೆ" ನೀರು ಹರಿಯುತ್ತೆ, ಸ್ವಿಚ್ಚು "ಓಪನ್" ಆದರೆ ಕರೆಂಟ್ ನಿಲ್ಲುತ್ತೆ. ಪೈಪು ತುಂಡಾದರೆ ನೀರು ಸೋರುತ್ತೆ, ವೈರು ತುಂಡಾದರೆ ಏನೂ ಸೋರಲ್ಲ. ಹೋಲಿಕೆ ಎಲ್ಲಿ ಮುರಿಯುತ್ತೆ ಅಂತ ಅದೇ ದಿನ ಹೇಳಬೇಕು, ಮುಂದಿನ ವಾರಕ್ಕೆ ಬಿಟ್ಟರೆ ಬೇರೂರಿರುತ್ತೆ.

ಫಾಲ್ಟ್ ಹುಡುಕೋದಕ್ಕೆ ಅರ್ಧ-ಅರ್ಧ ಮಾಡೋ ವಿಧಾನ ದಾಟಿಸಬಹುದಾ?

ಹನಿಕೊಳವೆ (ಹಿರಿಯೂರು)

ಧಾರಾಳವಾಗಿ, ಆದರೆ ಅದರ ಷರತ್ತೂ ಜೊತೆಗೆ ದಾಟಬೇಕು.

ಕಂಟ್ರೋಲ್ ಸರ್ಕ್ಯೂಟಿನಲ್ಲಿ ಸಾಲಾಗಿ 8 ಕಡೆ ಕಡಿದಿರೋ ಸಾಧ್ಯತೆ ಇದೆ ಅಂದುಕೊಳ್ಳಿ. ಒಂದು ತುದಿಯಿಂದ ನೋಡ್ತಾ ಹೋದರೆ 7 ಸಲ ಮೀಟರ್ ಇಡಬೇಕಾಗಬಹುದು. ನಡುವೆ ಇಟ್ಟರೆ ಅರ್ಧ ತೆಗೆದುಹೋಯ್ತು, ಉಳಿದ 4ರ ನಡುವೆ, ಆಮೇಲೆ 2ರ ನಡುವೆ. ಮೂರೇ ಸಲ. (ಪಂಪ್ ಸ್ಟಾರ್ಟರಿನ ಕಾಯಿಲ್ ಎಷ್ಟೋ ಕಡೆ 415 ವೋಲ್ಟಿನದು. ಕಲಿಯೋ ಹುಡುಗರಿಗೆ ಸಪ್ಲೈ ತೆಗೆಸಿ, ಸತ್ತಿದೆ ಅಂತ ಮೀಟರಿನಲ್ಲಿ ಖಾತ್ರಿ ಮಾಡಿಸಿ, ಕಂಟಿನ್ಯುಟಿಯಲ್ಲೇ ಮಾಡಿಸಿ.)

ಡ್ರಿಪ್ಪಿನಲ್ಲಿ ನೀರು ಬರ್ತಿಲ್ಲ ಅಂದಾಗ: ಪಂಪು, ಸ್ಯಾಂಡ್ ಫಿಲ್ಟರ್, ಡಿಸ್ಕ್ ಫಿಲ್ಟರ್, ಮೇನ್ ಲೈನ್, ಸಬ್‌ಮೇನ್ ವಾಲ್ವ್. ಇದೂ ಸರಪಳಿ. ಡಿಸ್ಕ್ ಫಿಲ್ಟರಿನ ಹಿಂದೆ-ಮುಂದೆ ಗೇಜ್ ನೋಡಿ. ಹಿಂದೆ ಪ್ರೆಶರ್ ಇದ್ದು ಮುಂದೆ ಅರ್ಧ ಕೆಜಿಗಿಂತ (ಚದರ ಸೆಂ.ಮೀ.ಗೆ) ಜಾಸ್ತಿ ಇಳಿದಿದ್ದರೆ ಫಿಲ್ಟರ್ ಕಟ್ಟಿದೆ. ಹಿಂದೆಯೂ ಇಲ್ಲ ಅಂದರೆ ಮೇಲಿನ ಅರ್ಧದಲ್ಲಿ ಹುಡುಕಿ.

ಆದರೆ ಸಬ್‌ಮೇನ್ ದಾಟಿದ ಮೇಲೆ ಲ್ಯಾಟರಲ್‌ಗಳು (ಗಿಡದ ಸಾಲಿಗೆ ಹೋಗೋ ಸಣ್ಣ ಪೈಪುಗಳು) ಸರಪಳಿ ಅಲ್ಲ, ಬಾಚಣಿಗೆ. ಒಂದು ಹಲ್ಲು ಕಟ್ಟಿದರೆ ಪಕ್ಕದ್ದಕ್ಕೆ ಏನೂ ಆಗಲ್ಲ, ಅಲ್ಲಿ ಅರ್ಧ ಮಾಡಿ ಪ್ರಯೋಜನ ಇಲ್ಲ. ಒಟ್ಟಿಗೆ ಎರಡು ಫಾಲ್ಟ್ ಇದ್ದರೆ ಮೊದಲನೆಯದು ಸರಿಮಾಡಿ ಮತ್ತೆ ಮೊದಲಿಂದ ಬರಬೇಕು. ಒಮ್ಮೆ ಬಂದು ಒಮ್ಮೆ ಹೋಗೋ ಲೂಸ್ ಕನೆಕ್ಷನ್ನಿಗಂತೂ ಈ ವಿಧಾನ ದಾರಿ ತಪ್ಪಿಸುತ್ತೆ.

ಬೆಣ್ಣೆಕಾವಲಿ (ದಾವಣಗೆರೆ)

ಹಾಗಾದರೆ ಅಬ್ಯಾಕಸ್, ಚೆಸ್ ಕ್ಲಾಸಿಗೆ ಕಳಿಸಿದರೆ ಬುದ್ಧಿಯೇ ಚುರುಕಾಗುತ್ತೆ ಅಂತಾರಲ್ಲ, ಅದು?

ಕೋಟೆಕಲ್ಲು (ಚಿತ್ರದುರ್ಗ)

ಅಬ್ಯಾಕಸ್‌ನಿಂದ ಕೂಡೋದು ಕಳೆಯೋದು ಬಾಯಲ್ಲೇ ಬೇಗ ಬರಬಹುದು. ಲೆಕ್ಕದ ಮಾತು ಓದಿ ಕೂಡಬೇಕಾ ಭಾಗಿಸಬೇಕಾ ಅಂತ ಆರಿಸೋದು ಬೇರೆ ಕೆಲಸ. ಚೆಸ್ ಬಗ್ಗೆ 1973ರಲ್ಲಿ ಚೇಸ್ ಮತ್ತು ಸೈಮನ್ ನೋಡಿದ್ದು: ನಿಜವಾದ ಆಟದ ಹಲಗೆಯನ್ನ ಐದು ಸೆಕೆಂಡ್ ತೋರಿಸಿದರೆ ಮಾಸ್ಟರ್ ಹೆಚ್ಚಿನ ಕಾಯಿಗಳನ್ನ ಹಾಗೇ ಮತ್ತೆ ಇಡ್ತಾನೆ. ಅದೇ ಕಾಯಿಗಳನ್ನ ಮನಸ್ಸಿಗೆ ಬಂದಲ್ಲಿ ಇಟ್ಟು ತೋರಿಸಿದರೆ ಹೊಸಬನಿಗಿಂತ ಹೆಚ್ಚೇನೂ ಇಲ್ಲ. ಚೆಸ್ಸಿನ ನೆನಪೇ ಚೆಸ್ ಹಲಗೆಯ ಮೇಲೆ ಇಷ್ಟು ಕಟ್ಟುನಿಟ್ಟು ಅಂದಮೇಲೆ ಗಣಿತದವರೆಗೆ ನಡೆದುಕೊಂಡು ಬರೋದು ದೂರದ ಮಾತು. ಆಟ ಆಡಲಿ, ಚೆಂದದ ಆಟ. ಗಣಿತ ಬೇಕಾದರೆ ಗಣಿತ ಕಲಿಸಿ.

ಸಂತೆ_ತಕ್ಕಡಿ (ಹೊಳಲ್ಕೆರೆ)

ಸಂತೆಯಲ್ಲಿ ತರಕಾರಿ ಮಾರೋ ಹುಡುಗ ಇದರ ಇನ್ನೊಂದು ಮುಖ. 1985ರಲ್ಲಿ ಬ್ರೆಜಿಲ್‌ನ ರೆಸಿಫೆಯಲ್ಲಿ ಬೀದಿ ವ್ಯಾಪಾರದ ಐದು ಮಕ್ಕಳನ್ನ ಕರಾಹರ್ ದಂಪತಿ ಮತ್ತು ಶ್ಲೀಮನ್ ನೋಡಿದರು. ವ್ಯಾಪಾರದ ನಡುವೆ ಕೇಳಿದ ಲೆಕ್ಕಕ್ಕೆ ನೂರಕ್ಕೆ 98 ಸರಿ, ಅದೇ ಅಂಕಿಯನ್ನ ಕಾಗದದ ಮೇಲೆ ಬರೀ ಅಂಕಿ-ಲೆಕ್ಕವಾಗಿ ಕೊಟ್ಟಾಗ 37. ಒಂದಕ್ಕೆ 35ರಂತೆ 10 ತೆಂಗಿನಕಾಯಿಗೆ ಎಷ್ಟು ಅಂದಾಗ ಹುಡುಗ ಸೊನ್ನೆ ಹಚ್ಚಲಿಲ್ಲ. ಮೂರಕ್ಕೆ 105, ಇನ್ನು ಮೂರಕ್ಕೆ 210, ಹೀಗೆ ಕೂಡಿಕೊಂಡು 350ಕ್ಕೆ ಬಂದ. ಕೋಲ್ಕತ್ತ ಮತ್ತು ದೆಹಲಿ ಮಾರುಕಟ್ಟೆಗಳಲ್ಲಿ ಅರ್ಥಶಾಸ್ತ್ರಜ್ಞರಾದ ಬ್ಯಾನರ್ಜಿ, ಡುಫ್ಲೋ ತಂಡ ನೂರಾರು ಮಕ್ಕಳ ಜೊತೆ ಮಾಡಿ 2025ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಇದೇ. ಶಾಲೆಗೆ ಮಾತ್ರ ಹೋಗೋ ಮಕ್ಕಳಿಗೆ ಉಲ್ಟಾ: ಕಾಗದದ ಲೆಕ್ಕ ಬರುತ್ತೆ, ಮಾರುಕಟ್ಟೆ ಲೆಕ್ಕದಲ್ಲಿ ಎಡವುತ್ತಾರೆ.

ಆ ಹುಡುಗನ "ಮೂರು ಮೂರು" ಲೆಕ್ಕವನ್ನ ಬೋರ್ಡಿಗೆ ತಂದು, ಪಕ್ಕದಲ್ಲೇ 35 × 10 ಬರೆದು, ಎರಡೂ ಒಂದೇ ಯಾಕೆ ಅಂತ ಕೇಳೋ ಮೇಷ್ಟ್ರು ಬೇಕು. "ಹಂಗೆಲ್ಲ ಮಾಡಬಾರ್ದು" ಅಂದರೆ ಎರಡೂ ಜನ್ಮದಲ್ಲಿ ಸೇರಲ್ಲ.

ಲೆಕ್ಕದ_ಪಟ್ಟಿ (ದಾವಣಗೆರೆ)

ಇನ್ನು ತರಗತಿಯಲ್ಲಿ ಮಾಡೋದು ಹೇಗೆ. 45 ನಿಮಿಷದ ಪೀರಿಯಡ್ ಅಂತ ಇಟ್ಟುಕೊಳ್ಳಿ.

ಮೊದಲು ಬಿಡಿಸಿದ ಎರಡು ಉದಾಹರಣೆ, ಒಂದೇ ಹಾಳೆಯಲ್ಲಿ, ಅಕ್ಕಪಕ್ಕ. ಒಂದಾದ ಮೇಲೆ ಒಂದು ತೋರಿಸಿದರೆ ಎರಡು ಬೇರೆ ಪಾಠ ಆಗಿಬಿಡುತ್ತೆ. ಗಿಕ್ ಮತ್ತು ಹೋಲಿಯೋಕ್ 1983ರಲ್ಲಿ ಕಂಡದ್ದೂ ಇದೇ, ಎರಡು ಕಥೆ ಕೊಟ್ಟು ಹೋಲಿಸಲು ಹೇಳಿದಾಗ ಹಂದರ ತಾನಾಗಿ ಎದ್ದು ಬಂತು. ಎರಡೂ ಔಷಧದ್ದೇ ಆದರೆ ಮಕ್ಕಳು "ಔಷಧದ ಲೆಕ್ಕ" ಅಂತಲೇ ಹೆಸರಿಡ್ತಾರೆ. ಹಾಗಾಗಿ ಒಂದು ಔಷಧ, ಒಂದು ಅಡುಗೆ. ಅಂಕಿ ಮಾತ್ರ ಚಿಕ್ಕದಿರಲಿ. ಮೊದಲ ಸಲ ಮೇಲ್ಮೈಯೂ ಬೇರೆ, ಅಂಕಿಯೂ ಕಷ್ಟ ಅಂದರೆ ತಲೆ ಲೆಕ್ಕದಲ್ಲೇ ಮುಳುಗುತ್ತೆ, ಹೋಲಿಕೆಗೆ ಜಾಗ ಇರಲ್ಲ.

ಆಮೇಲೆ ಒಂದೇ ಪ್ರಶ್ನೆ: "ಎರಡರಲ್ಲೂ ಒಂದೇ ಇರೋದು ಏನು? ಒಂದು ಸಾಲಿನಲ್ಲಿ ಬರಿ. ಔಷಧ, ಹಿಟ್ಟು ಅನ್ನೋ ಪದ ಬಳಸಬಾರದು." ಇಲ್ಲಿ ಹತ್ತು ನಿಮಿಷ ಸುಮ್ಮನಿರಬೇಕು. ಹೆಚ್ಚಿನ ಕಡೆ ಪಾಠ ಕೆಡೋದು ಇಲ್ಲೇ. ಮೇಷ್ಟ್ರು ತಾಳ್ಮೆ ಕಳೆದು ತಾವೇ ನಿಯಮ ಬರೆಸಿಬಿಡ್ತಾರೆ, ಮಕ್ಕಳು ಅದನ್ನ ಬಾಯಿಪಾಠ ಮಾಡ್ತಾರೆ, ಹೋಲಿಕೆ ನಡೆಯೋದೇ ಇಲ್ಲ. ಮಕ್ಕಳ ಸಾಲು ಸೊಟ್ಟಗಿದ್ದರೂ ಮೊದಲು ಬರಲಿ, ತಿದ್ದೋದು ಆಮೇಲೆ.

ಮೂರನೆಯದು ಮೋಸದ ಲೆಕ್ಕ. ಕಾಣೋಕೆ ಅದೇ, ಹಂದರ ಬೇರೆ. ಔಷಧದ ಪಕ್ಕ 1:6 ಗಾರೆ.

ಒಂದು ವಾರ ಬಿಟ್ಟು ಬೆರಕೆ ಹಾಳೆ: ತಲೆಬರಹ ಇಲ್ಲ, ಹಳೇ ಪಾಠದವೂ ಸೇರಿದ 8 ಲೆಕ್ಕ. ಬಿಡಿಸೋ ಮೊದಲು "ಇದು ಯಾವ ಜಾತಿಯ ಲೆಕ್ಕ" ಅಂತ ಬದಿಗೆ ಬರೀಬೇಕು, ಅದಕ್ಕೂ ಅಂಕ. 2007ರಲ್ಲಿ ರೋರರ್ ಮತ್ತು ಟೇಲರ್ ಘನಾಕೃತಿಗಳ ಗಾತ್ರದ ಲೆಕ್ಕ ಕೊಟ್ಟು ನೋಡಿದಾಗ, ಒಂದೇ ಬಗೆಯದನ್ನ ಸಾಲಾಗಿ ಮಾಡಿದವರು ಅಭ್ಯಾಸದ ದಿನ ನೂರಕ್ಕೆ 89 ತೆಗೆದರು, ಬೆರಕೆ ಮಾಡಿದವರು 60. ವಾರದ ಮೇಲಿನ ಪರೀಕ್ಷೆಯಲ್ಲಿ ಸಾಲಿನವರು 20, ಬೆರಕೆಯವರು 63. ಬೆರಕೆ ಹಾಳೆ ಕೊಟ್ಟ ದಿನ ತರಗತಿ ದಡ್ಡರ ಸಂತೆ ಥರ ಕಾಣುತ್ತೆ. ಹೆದರಿ ಹಿಂದೆ ಸರಿಯಬೇಡಿ.

ಪ್ಯಾನೆಲ್_ಬೋರ್ಡ್ (ದಾವಣಗೆರೆ)

ಬಿಡಿಸಿದ ಉದಾಹರಣೆ ಯಾಕೆ? ಅವರೇ ಒದ್ದಾಡಿ ಬಿಡಿಸಲಿ ಅಲ್ವಾ?

ಕೋಟೆಕಲ್ಲು (ಚಿತ್ರದುರ್ಗ)

ಪೂರ್ತಿ ಹೊಸಬನಿಗೆ ಒದ್ದಾಟದಲ್ಲೇ ಶಕ್ತಿ ಮುಗಿಯುತ್ತೆ. ಬೀಜಗಣಿತದಲ್ಲಿ ಸ್ವೆಲ್ಲರ್ ಮತ್ತು ಕೂಪರ್ 1985ರಲ್ಲೇ ಇದನ್ನ ತೋರಿಸಿದರು. ಆದರೆ ಒಂದು ಹಂತ ದಾಟಿದವನಿಗೆ ಬಿಡಿಸಿದ್ದನ್ನೇ ಕೊಡ್ತಾ ಹೋದರೆ ಅದು ಅಡ್ಡಗಾಲು. ನಡುವಿನ ದಾರಿ: ಎರಡನೇ ಉದಾಹರಣೆಯಲ್ಲಿ ಕೊನೆಯ ಹೆಜ್ಜೆ ಖಾಲಿ ಬಿಡಿ, ಮೂರನೆಯದರಲ್ಲಿ ಕೊನೆಯ ಎರಡು.

ಇನ್ನೊಂದು ಅಪಾಯ ಇದೆ: ಒಂದೇ ದಾರಿ ರೂಢಿಯಾಗಿ ಸುಲಭದ ದಾರಿ ಕಾಣದೆ ಹೋಗೋದು. ಈ ನೀರಿನ ಕೊಡಗಳ ಲೆಕ್ಕ ನಿಮ್ಮ ಹುಡುಗರಿಗೆ ಕೊಡಿ, 1942ರ ಲೂಚಿನ್ಸ್‌ನದು. ಮೂರು ಕೊಡ: 21, 127, 3 ಲೀಟರ್. 100 ಅಳೆಯಬೇಕು. ದೊಡ್ಡದನ್ನ ತುಂಬಿ, 21 ಒಮ್ಮೆ, 3 ಎರಡು ಸಲ ತೆಗೆಯಿರಿ. ಇದೇ ದಾರಿಯ ಇನ್ನು ನಾಲ್ಕು ಲೆಕ್ಕ ಮಾಡಿಸಿ, ಆಮೇಲೆ 23, 49, 3 ಕೊಟ್ಟು 20 ಕೇಳಿ.

ಅಡಕೆಗೊನೆ (ಚನ್ನಗಿರಿ)

49ರಲ್ಲಿ 23 ತೆಗೆದರೆ 26, ಎರಡು ಸಲ 3 ತೆಗೆದರೆ 20. ಸರಿ ಇದೆಯಲ್ಲ?

ಕೋಟೆಕಲ್ಲು (ಚಿತ್ರದುರ್ಗ)

ಸರಿ ಇದೆ. 23ರಲ್ಲಿ 3 ತೆಗೆದರೂ 20.

ಈಗ 28, 76, 3 ಇಟ್ಟು 25 ಕೇಳಿದರೆ ಹಳೇ ದಾರಿ 42ಕ್ಕೆ ಹೋಗಿ ನಿಲ್ಲುತ್ತೆ. ನೇರ ಕಳೆದರೆ ಮುಗೀತು, ಆದರೂ ಎಷ್ಟೋ ಜನ "ಆಗಲ್ಲ" ಅಂತ ಕೈಬಿಡ್ತಾರೆ.

ಅಡಕೆಗೊನೆ (ಚನ್ನಗಿರಿ)

ಸಿಕ್ಕಿಬಿದ್ದೆ 😄

ಪ್ಯಾನೆಲ್_ಬೋರ್ಡ್ (ದಾವಣಗೆರೆ)

ಮೊದಲ ಹಾಳೆ ಹೀಗೆ ಮಾಡಿದ್ದೇನೆ, ತಪ್ಪಿದ್ದರೆ ಹೇಳಿ.

ಅ) ಒಂದು ಎಕರೆ 43,560 ಚದರ ಅಡಿ. 9 × 9 ಅಡಿಗೆ ಅಡಕೆ ಎಷ್ಟು? (43,560 ÷ 81, ಸುಮಾರು 538.)
ಆ) 10 × 12 ಅಡಿ ಕೋಣೆಗೆ 2 × 2 ಅಡಿ ಟೈಲ್ಸ್. (30)
ಇ) ಮೋಸದ್ದು: 180 ಅಡಿ ಕಾಲುವೆ ಬದಿಗೆ 9 ಅಡಿಗೊಂದು ತೆಂಗು, ಎರಡೂ ತುದಿಯಲ್ಲಿ ಇರಬೇಕು. (21)

ಅಡಕೆಗೊನೆ (ಚನ್ನಗಿರಿ)

ಅ-ದಲ್ಲಿ ಒಂದು ಹುಳುಕು ಇದೆ. ಟೈಲ್ಸು ಗೋಡೆಗೆ ಅಂಟಿ ಕೂರುತ್ತೆ, ಸಸಿ ಒಂದು ಚುಕ್ಕಿ. 90 × 90 ಅಡಿ ತುಂಡು ತಗೊಳ್ಳಿ. ಭಾಗಿಸಿದರೆ 100. ಆದರೆ ಮೊದಲ ಸಾಲನ್ನ ಬದುವಿನ ಗೆರೆ ಮೇಲೇ ನೆಟ್ಟರೆ ಒಂದು ಸಾಲಿಗೆ 11, ಸಾಲೂ 11, ಒಟ್ಟು 121. ಬದುವಿನಿಂದ ನಾಲ್ಕೂವರೆ ಅಡಿ ಬಿಟ್ಟು ಶುರುಮಾಡಿದರೆ ಮಾತ್ರ 100. ನಿಮ್ಮ ಮೋಸದ ಲೆಕ್ಕ ಅ-ದ ಒಳಗೇ ಕೂತಿದೆ.

ಲೆಕ್ಕದ_ಪಟ್ಟಿ (ದಾವಣಗೆರೆ)

ಅರೆ, ನಿಜ. ಮೇಲೆ ಹೇಳಿದ ಮೆಕ್ಕೆಜೋಳಕ್ಕೂ ಇದು ಅನ್ವಯ. ಹೆಕ್ಟೇರಿನಲ್ಲಿ ಅಂಚಿನ ಸಾಲು ಲೆಕ್ಕಕ್ಕೆ ಸಿಗದಷ್ಟು ಸಣ್ಣದು ಅಂತ ಕಣ್ಣಿಗೆ ಬೀಳಲಿಲ್ಲ.

ಪ್ಯಾನೆಲ್_ಬೋರ್ಡ್ (ದಾವಣಗೆರೆ)

ಹಾಗಾದರೆ ಎಕರೆ ತೆಗೆದು 90 × 90 ಅಡಿ ಹಾಕ್ತೀನಿ. ಬದುವಿನಿಂದ ಎಷ್ಟು ಬಿಡಬೇಕು ಅಂತ ಬರೆಯಲ್ಲ. 100 ಅಂದವನನ್ನೂ 121 ಅಂದವನನ್ನೂ ಬೋರ್ಡಿಗೆ ಕರೆದು ಸಸಿ ಚುಕ್ಕಿ ಇಡಿಸ್ತೀನಿ.